ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲಿ ಪ್ಯಾಕೆಟ್ ನಷ್ಟ: ಸೋರಿಕೆಯ ಸ್ಥಳವನ್ನು ಪತ್ತೆ ಹಚ್ಚುವ ಕ್ರಮ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ವ್ಯಾಪಾರಸ್ಥರ ದೈನಂದಿನ ಕೆಲಸಗಳು ಒಂದೊಂದಾಗಿ ಅಂತರ್ಜಾಲಕ್ಕೆ ವರ್ಗಾವಣೆಗೊಂಡಿವೆ. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಇದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕ. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿಗೂ ಮೇಲ್ಪಟ್ಟ ವಹಿವಾಟು ಇರುವವರಿಗೆ ಇ-ಇನ್‌ವಾಯ್ಸ್ ಅನಿವಾರ್ಯವಾಯಿತು. ಹೀಗಾಗಿ ಅಂಗಡಿಗೆ ತಕ್ಕಡಿ ಎಷ್ಟು ಮುಖ್ಯವೋ ಇಂದು ಬ್ರಾಡ್‌ಬ್ಯಾಂಡ್ ಸಂಪರ್ಕವೂ ಅಷ್ಟೇ ಮುಖ್ಯವಾಗಿದೆ.

ಆದರೆ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸುವ ನಾವು ರೂಟರನ್ನು ಗೋಡೆಗೆ ತಗುಲಿಸಿದ ಮೇಲೆ ತಿರುಗಿ ನೋಡುವುದಿಲ್ಲ. ಸಣ್ಣ ವ್ಯಾಪಾರಿಗಳು ಹಾಗೂ ಕಿರು ಉತ್ಪಾದಕರಲ್ಲಿ ಅನೇಕರು ಮನೆಯ ಬಳಕೆಗಾಗಿ ಪಡೆದ ಸಂಪರ್ಕದಿಂದಲೇ ಕಚೇರಿಯ ಕೆಲಸವನ್ನೂ ನಿರ್ವಹಿಸುತ್ತಾರೆ. ಪುಟ ಅರ್ಧ ತೆರೆದು ನಿಂತಾಗ ‘ಪೋರ್ಟಲ್ ಸರಿಯಿಲ್ಲ’ ಎನ್ನುವುದು, ಮತ್ತೆ ಮತ್ತೆ ನಿಂತಾಗ ಹೊಸ ರೂಟರ್ ಕೊಳ್ಳುವುದು ಅಥವಾ ಹೆಚ್ಚಿನ ವೇಗದ ಯೋಜನೆಗೆ ಬದಲಾಯಿಸುವುದು ರೂಢಿಯಾಗಿದೆ. ದೋಷವಿರುವ ಸ್ಥಳ ಬೇರೆಯೇ ಆಗಿದ್ದಲ್ಲಿ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗುತ್ತದೆ. ಹಣ ಖರ್ಚಾಗುತ್ತದೆ, ತೊಂದರೆ ಉಳಿಯುತ್ತದೆ.

ಇಂತಹ ತೊಂದರೆಗಳಲ್ಲಿ ಬಹುಪಾಲಿಗೆ ‘ಪ್ಯಾಕೆಟ್ ನಷ್ಟ’ ಎಂಬ ಹೆಸರಿದೆ. ಇದನ್ನು ಪತ್ತೆ ಹಚ್ಚಲು ತಂತ್ರಜ್ಞರೇ ಬೇಕೆಂದಿಲ್ಲ. ದಾಸ್ತಾನಿನ ಕೊರತೆಯನ್ನು ಹಂತ ಹಂತವಾಗಿ ತಾಳೆ ನೋಡುವ ಅಭ್ಯಾಸವಿರುವ ಯಾವ ವ್ಯಾಪಾರಸ್ಥರಾದರೂ ಈ ಕೆಲಸವನ್ನು ಮಾಡಬಹುದು. ಅದರ ಕ್ರಮವನ್ನು ಸದಸ್ಯ ಬಾಂಧವರಿಗೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಪ್ಯಾಕೆಟ್ ನಷ್ಟವೆಂದರೇನು?

ಅಂತರ್ಜಾಲದಲ್ಲಿ ಯಾವ ಕಡತವೂ ಇಡಿಯಾಗಿ ಪ್ರಯಾಣಿಸುವುದಿಲ್ಲ. ಅದನ್ನು ಸಾಮಾನ್ಯವಾಗಿ ಗರಿಷ್ಠ 1,500 ಬೈಟ್‌ಗಳ ಸಣ್ಣ ಪೊಟ್ಟಣಗಳಾಗಿ ವಿಂಗಡಿಸಿ, ಪ್ರತಿ ಪೊಟ್ಟಣಕ್ಕೂ ವಿಳಾಸ ಹಾಗೂ ಕ್ರಮಸಂಖ್ಯೆ ಬರೆದು ಕಳುಹಿಸಲಾಗುತ್ತದೆ. ಈ ಪೊಟ್ಟಣವೇ ಪ್ಯಾಕೆಟ್. 300 ಕಿಲೋಬೈಟ್‌ಗಳ ಒಂದು ಬಿಲ್ಲಿನ ಪ್ರತಿ 200ಕ್ಕೂ ಹೆಚ್ಚು ಪ್ಯಾಕೆಟ್‌ಗಳಾಗಿ ಹೊರಡುತ್ತದೆ. ಮಾರ್ಗಮಧ್ಯದಲ್ಲಿ ಕೆಲವು ಪ್ಯಾಕೆಟ್‌ಗಳು ತಲುಪದೇ ಹೋದರೆ ಅದೇ ಪ್ಯಾಕೆಟ್ ನಷ್ಟ.

ಕಳೆದುಹೋದ ಪ್ಯಾಕೆಟ್ಟನ್ನು ಕಳುಹಿಸಿದ ಯಂತ್ರವೇ ಪುನಃ ಕಳುಹಿಸುತ್ತದೆ. ಟಿ.ಸಿ.ಪಿ. ಎಂಬ ನಿಯಮಾವಳಿ ಈ ಹೊಣೆಯನ್ನು ಹೊತ್ತಿದೆ. ಆದ್ದರಿಂದ ಬಿಲ್ಲಿನಲ್ಲಿ ಅಕ್ಷರಗಳು ಮಾಯವಾಗುವುದಿಲ್ಲ, ಮೊತ್ತ ಬದಲಾಗುವುದಿಲ್ಲ. ಆದರೆ ಪ್ರತಿ ನಷ್ಟವನ್ನೂ ಟಿ.ಸಿ.ಪಿ. ‘ಮಾರ್ಗದಲ್ಲಿ ದಟ್ಟಣೆಯಿದೆ’ ಎಂಬ ಸೂಚನೆಯೆಂದು ಭಾವಿಸಿ ತನ್ನ ವೇಗವನ್ನು ತಗ್ಗಿಸುತ್ತದೆ. ಇದಕ್ಕೊಂದು ಐತಿಹಾಸಿಕ ಹಿನ್ನೆಲೆಯಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಹಾಗೂ ಅದರ ಸಮೀಪದಲ್ಲೇ ಇರುವ ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಎಲ್ಲ ಯಂತ್ರಗಳೂ ಕಳೆದ ಪ್ಯಾಕೆಟ್‌ಗಳನ್ನು ತಡೆಯಿಲ್ಲದೆ ಪುನಃ ಕಳುಹಿಸುತ್ತಾ ದಟ್ಟಣೆಯನ್ನು ಹೆಚ್ಚಿಸುತ್ತಿದ್ದವು. ಅದನ್ನು ಅಧ್ಯಯನ ಮಾಡಿದ ವ್ಯಾನ್ ಜೇಕಬ್‌ಸನ್ ಎಂಬ ತಜ್ಞರು 1988ರಲ್ಲಿ, ನಷ್ಟ ಕಂಡೊಡನೆ ವೇಗ ತಗ್ಗಿಸುವ ಕ್ರಮವನ್ನು ವಿವರಿಸಿದರು.

ಈ ಕ್ರಮದ ಫಲವಾಗಿ ಅಲ್ಪ ನಷ್ಟವೂ ವೇಗವನ್ನು ಬಹಳವಾಗಿ ಕುಗ್ಗಿಸಬಲ್ಲದು. ಸಾಂಪ್ರದಾಯಿಕ ಟಿ.ಸಿ.ಪಿ.ಯಲ್ಲಿ ನಷ್ಟದ ಪ್ರಮಾಣ ನಾಲ್ಕು ಪಟ್ಟಾದರೆ ವೇಗ ಅರ್ಧಕ್ಕಿಳಿಯುತ್ತದೆ ಎಂಬುದು ಸ್ಥೂಲ ಸೂತ್ರ. ಧ್ವನಿ ಹಾಗೂ ದೃಶ್ಯ ಕರೆಗಳಲ್ಲಿ ಕಳೆದ ಪ್ಯಾಕೆಟ್ಟನ್ನು ಪುನಃ ಕಳುಹಿಸಲು ಸಮಯವಿರುವುದಿಲ್ಲವಾದ್ದರಿಂದ ಮಾತು ತುಂಡಾಗುತ್ತದೆ. ವೇಗ ಪರೀಕ್ಷೆಯ ಜಾಲತಾಣಗಳು ತೋರಿಸುವ ಅಂಕಿ ಕೆಲವೇ ಸೆಕೆಂಡುಗಳ ಅಳತೆ. ಅದರಲ್ಲಿ 100 ಎಂ.ಬಿ.ಪಿ.ಎಸ್. ಬಂದಿತೆಂಬ ಮಾತ್ರಕ್ಕೆ ಸಂಪರ್ಕದಲ್ಲಿ ನಷ್ಟವಿಲ್ಲವೆಂದು ತೀರ್ಮಾನಿಸಲಾಗದು.

2. ವ್ಯವಹಾರದ ಮೇಲಿನ ಪರಿಣಾಮ

ಮೊದಲನೆಯದಾಗಿ, ಕಾಲಮಿತಿಯ ಪ್ರಶ್ನೆ. ಮಾಸಿಕವಾಗಿ ಸಲ್ಲಿಸುವವರಿಗೆ ಜಿ.ಎಸ್.ಟಿ.ಆರ್.-3ಬಿ ವಿವರಪಟ್ಟಿಯ ಅಂತಿಮ ದಿನಾಂಕ ಮುಂದಿನ ತಿಂಗಳ 20. ತಡವಾದರೆ ದಿನಕ್ಕೆ 50 ರೂಪಾಯಿ (ಶೂನ್ಯ ವಿವರಪಟ್ಟಿಗೆ 20 ರೂಪಾಯಿ) ವಿಳಂಬ ಶುಲ್ಕ, ಜೊತೆಗೆ ಪಾವತಿಯಾಗದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಪೋರ್ಟಲ್‌ನ ದೋಷ ಬೇರೆ, ನಮ್ಮ ಕಚೇರಿಯ ತಂತಿಯ ದೋಷ ಬೇರೆ. ಎರಡನೆಯದನ್ನು ಮೊದಲನೆಯದೆಂದು ಭಾವಿಸಿ ಕಾಯುತ್ತ ಕುಳಿತರೆ ನಷ್ಟ ನಮ್ಮದೇ.

ಎರಡನೆಯದಾಗಿ, ಸರಕು ಸಾಗಣೆ. ಲಾರಿಗೆ ಮಾಲು ಏರಿಸಿ ಚಾಲಕ ಕಾಯುತ್ತಿರುವಾಗ ಇ-ವೇ ಬಿಲ್ಲಿನ ಪುಟ ತೆರೆಯದಿದ್ದರೆ ‘ಹೊರಡಲಿ, ಆಮೇಲೆ ಕಳುಹಿಸೋಣ’ ಎಂಬ ಪ್ರಲೋಭನೆ ಉಂಟಾಗುತ್ತದೆ. ಬಿಲ್ ಇಲ್ಲದೆ ವಾಹನ ತಡೆಹಿಡಿಯಲ್ಪಟ್ಟರೆ, ಸರಕಿನ ಮಾಲೀಕರು ಮುಂದೆ ಬಂದಾಗಲೂ ತೆರಿಗೆಯ ಶೇ. 200ರಷ್ಟು ದಂಡಕ್ಕೆ 129ನೇ ಪ್ರಕರಣದಲ್ಲಿ ಅವಕಾಶವಿದೆ.

ಮೂರನೆಯದಾಗಿ, ಪಾವತಿ. ಖಾತೆಯಿಂದ ಹಣ ಕಡಿತವಾಗಿ, ರಸೀದಿಯ ಪುಟ ಬರುವ ಮುನ್ನ ಸಂಪರ್ಕ ನಿಂತರೆ ಅನೇಕರು ಗಾಬರಿಯಿಂದ ಎರಡನೆಯ ಬಾರಿ ಪಾವತಿಸುತ್ತಾರೆ. ಇದರ ಬಗ್ಗೆ ಮುಂದೆ ಹೇಳಲಾಗಿದೆ.

3. ಪರೀಕ್ಷೆಯ ತತ್ವ

ಹುಬ್ಬಳ್ಳಿಯಿಂದ 500 ಚೀಲ ಮಾಲು ಹೊರಟು ಮಂಗಳೂರಿನ ಗೋದಾಮಿಗೆ 480 ಚೀಲ ತಲುಪಿದೆ ಎಂದು ಭಾವಿಸೋಣ. ಯಾವ ವ್ಯಾಪಾರಸ್ಥರೂ ತಕ್ಷಣ ಲಾರಿಯನ್ನು ಬದಲಾಯಿಸುವುದಿಲ್ಲ. ಗೋದಾಮಿನಿಂದ ಹೊರಬಿದ್ದಾಗ ಎಷ್ಟು, ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಏರಿಸಿದಾಗ ಎಷ್ಟು, ಇಳಿಸಿದಾಗ ಎಷ್ಟು ಎಂದು ಪ್ರತಿ ಹಂತದ ಎಣಿಕೆಯನ್ನು ತಾಳೆ ನೋಡುತ್ತಾರೆ. ಯಾವ ಎರಡು ಎಣಿಕೆಗಳ ನಡುವೆ ವ್ಯತ್ಯಾಸ ಮೊದಲು ಕಾಣಿಸಿಕೊಳ್ಳುತ್ತದೆಯೋ ಅಲ್ಲಿ ಹೊಣೆಗಾರಿಕೆ ನಿಲ್ಲುತ್ತದೆ.

ಪ್ಯಾಕೆಟ್‌ಗಳ ಪ್ರಯಾಣದಲ್ಲಿಯೂ ಮೂರು ಹಂತಗಳಿವೆ:

ಮೊದಲ ಹಂತ: ಗಣಕಯಂತ್ರದಿಂದ ನಮ್ಮದೇ ರೂಟರಿನವರೆಗೆ (ವೈ-ಫೈ ಅಥವಾ ತಂತಿ).
ಎರಡನೆಯ ಹಂತ: ರೂಟರಿನಿಂದ ಸೇವಾದಾರ ಸಂಸ್ಥೆಯ ಮೊದಲ ಕೇಂದ್ರದವರೆಗೆ (ಹೊರಗಿನ ಫೈಬರ್ ಅಥವಾ ತಾಮ್ರದ ತಂತಿ).
ಮೂರನೆಯ ಹಂತ: ಸೇವಾದಾರರ ಕೇಂದ್ರದಿಂದ ಹೊರಗಿನ ಅಂತರ್ಜಾಲದವರೆಗೆ.

ಮೊದಲ ಹಂತ ನಮ್ಮ ಹೊಣೆ, ಉಳಿದೆರಡು ಸೇವಾದಾರರ ಹೊಣೆ. ಪರೀಕ್ಷೆಯನ್ನು ಯಾವಾಗಲೂ ಸಮೀಪದ ಹಂತದಿಂದಲೇ ಪ್ರಾರಂಭಿಸತಕ್ಕದ್ದು.

4. ಪರೀಕ್ಷಾ ವಿಧಾನ

ಇದಕ್ಕೆ ಬೇಕಾದ ಸಾಧನ ‘ಪಿಂಗ್’. ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಎಂಬುವರು 1983ರ ಡಿಸೆಂಬರಿನಲ್ಲಿ ಇದನ್ನು ರಚಿಸಿದರು. ಜಲಾಂತರ್ಗಾಮಿಗಳು ಧ್ವನಿಯನ್ನು ಕಳುಹಿಸಿ ಪ್ರತಿಧ್ವನಿಯನ್ನು ಆಲಿಸುವ ಕ್ರಮದಿಂದ ಈ ಹೆಸರು ಬಂದಿದೆ. ಒಂದು ಸಣ್ಣ ಪ್ಯಾಕೆಟ್ ಕಳುಹಿಸುವುದು, ಅದರ ಉತ್ತರ ಬಂದಿತೇ, ಎಷ್ಟು ಸಮಯ ಹಿಡಿಯಿತು ಎಂದು ಬರೆದಿಡುವುದು ಇದರ ಕೆಲಸ. ವಿಂಡೋಸ್ ಇರುವ ಪ್ರತಿ ಗಣಕಯಂತ್ರದಲ್ಲಿಯೂ ಇದು ಉಚಿತವಾಗಿ ಲಭ್ಯವಿದೆ.

(ಅ) ಸ್ಟಾರ್ಟ್ ಗುಂಡಿಯನ್ನು ಒತ್ತಿ ಸಿ-ಎಂ-ಡಿ ಎಂಬ ಮೂರು ಅಕ್ಷರಗಳನ್ನು ಟೈಪ್ ಮಾಡಿ ಎಂಟರ್ ಒತ್ತಿರಿ. ಕಪ್ಪು ಕಿಟಕಿಯೊಂದು ತೆರೆಯುತ್ತದೆ.

(ಆ) ಅದರಲ್ಲಿ ಐಪಿ-ಕಾನ್ಫಿಗ್ ಎಂಬ ಆದೇಶವನ್ನು ಅಡ್ಡಗೆರೆಯಿಲ್ಲದೆ ಒಂದೇ ಪದವಾಗಿ ನೀಡಿರಿ. ‘ಡೀಫಾಲ್ಟ್ ಗೇಟ್‌ವೇ’ ಎಂಬ ಸಾಲಿನ ಮುಂದೆ ಇರುವ ಸಂಖ್ಯೆಯೇ ನಿಮ್ಮ ರೂಟರಿನ ವಿಳಾಸ. ಅದು ಬಹುತೇಕ 192.168.1.1 ಅಥವಾ 192.168.0.1ರಂತೆ ಇರುತ್ತದೆ.

(ಇ) ಈಗ ಪಿಂಗ್ ಎಂಬ ಪದ, ಒಂದು ಖಾಲಿ ಜಾಗ, ಅಡ್ಡಗೆರೆಯೊಡನೆ ಎನ್ ಅಕ್ಷರ, ಖಾಲಿ ಜಾಗ, 500, ಖಾಲಿ ಜಾಗ, ರೂಟರಿನ ವಿಳಾಸ, ಈ ಕ್ರಮದಲ್ಲಿ ಟೈಪ್ ಮಾಡಿರಿ. ಸೆಕೆಂಡಿಗೆ ಸುಮಾರು ಒಂದರಂತೆ 500 ಪ್ಯಾಕೆಟ್‌ಗಳು ಹೊರಡುತ್ತವೆ. ಎಂಟು ನಿಮಿಷಗಳಿಗೂ ತುಸು ಹೆಚ್ಚು ಸಮಯ ಬೇಕು. ಕೊನೆಯಲ್ಲಿ ಎಷ್ಟು ಕಳುಹಿಸಲಾಯಿತು, ಎಷ್ಟು ಬಂದಿತು, ಎಷ್ಟು ಕಳೆಯಿತು ಎಂಬ ಲೆಕ್ಕ ತಾನಾಗಿಯೇ ಬರುತ್ತದೆ.

(ಈ) ಟ್ರೇಸರ್ಟ್ ಎಂಬ ಆದೇಶದ ಮುಂದೆ 8.8.8.8 ಎಂದು ಬರೆದರೆ ಮಾರ್ಗದಲ್ಲಿರುವ ಕೇಂದ್ರಗಳ ಪಟ್ಟಿ ದೊರೆಯುತ್ತದೆ. ಮೊದಲ ಸಾಲು ನಿಮ್ಮ ರೂಟರ್. ಎರಡನೆಯ ಸಾಲು ಸಾಮಾನ್ಯವಾಗಿ ಸೇವಾದಾರರ ಮೊದಲ ಕೇಂದ್ರ. ಫೈಬರ್ ಪೆಟ್ಟಿಗೆ ಹಾಗೂ ರೂಟರ್ ಬೇರೆ ಬೇರೆಯಾಗಿದ್ದಲ್ಲಿ ಅದು ಮೂರನೆಯ ಸಾಲಿಗೆ ಸರಿಯಬಹುದು. ಆ ವಿಳಾಸಕ್ಕೂ 500 ಪಿಂಗ್ ಕಳುಹಿಸಿರಿ.

(ಉ) ಕೊನೆಯದಾಗಿ 8.8.8.8 ಎಂಬ ವಿಳಾಸಕ್ಕೆ 500 ಪಿಂಗ್ ಕಳುಹಿಸಿರಿ. ಇದು ಗೂಗಲ್ ಸಂಸ್ಥೆಯ ಸಾರ್ವಜನಿಕ ಸೇವೆಯ ವಿಳಾಸ.

(ಊ) ಇವೆಲ್ಲವನ್ನೂ ಒಮ್ಮೆ ವೈ-ಫೈ ಮೂಲಕ, ಇನ್ನೊಮ್ಮೆ ಗಣಕಯಂತ್ರವನ್ನು ತಂತಿಯ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ಮಾಡಿರಿ. ದಿನಾಂಕ ಹಾಗೂ ವೇಳೆಯನ್ನು ಬರೆದಿಡಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ 8ರಿಂದ 10ರೊಳಗೆ ಒಮ್ಮೆ ಮಾಡುವುದು ಸೂಕ್ತ.

5. ಉದಾಹರಣೆ

ದಾವಣಗೆರೆಯ ಒಬ್ಬ ಬಿಡಿಭಾಗ ವಿತರಕರ ಮನೆ ಮೇಲಂತಸ್ತಿನಲ್ಲಿಯೂ ಕಚೇರಿ ಕೆಳಗೂ ಇದೆ ಎಂದು ಭಾವಿಸೋಣ. ರೂಟರ್ ಮೇಲಿನ ಹಾಲ್‌ನಲ್ಲಿದೆ. ಅವರ ತಾಳೆಪಟ್ಟಿ ಹೀಗಿದೆ:

ಕಚೇರಿಯಿಂದ ವೈ-ಫೈ ಮೂಲಕ ರೂಟರಿಗೆ: ಕಳುಹಿಸಿದ್ದು 500, ಬಂದದ್ದು 460, ನಷ್ಟ ಶೇ. 8.
ತಂತಿಯ ಮೂಲಕ ರೂಟರಿಗೆ: ಕಳುಹಿಸಿದ್ದು 500, ಬಂದದ್ದು 500, ನಷ್ಟ ಇಲ್ಲ.
ತಂತಿಯ ಮೂಲಕ ಸೇವಾದಾರರ ಕೇಂದ್ರಕ್ಕೆ: ಕಳುಹಿಸಿದ್ದು 500, ಬಂದದ್ದು 500, ನಷ್ಟ ಇಲ್ಲ.
ತಂತಿಯ ಮೂಲಕ 8.8.8.8ಕ್ಕೆ: ಕಳುಹಿಸಿದ್ದು 500, ಬಂದದ್ದು 499, ನಷ್ಟ ಶೇ. 0.2.

ಇಲ್ಲಿ ಕೊರತೆಯೆಲ್ಲವೂ ಮನೆಯ ಕಾಂಕ್ರೀಟ್ ಚಾವಣಿಯ ಎರಡು ಬದಿಗಳ ನಡುವೆಯೇ ಇದೆ. ಸೇವಾದಾರರಿಗೆ ದೂರು ನೀಡಿದರೂ, ಯೋಜನೆಯನ್ನು 50ರಿಂದ 200 ಎಂ.ಬಿ.ಪಿ.ಎಸ್.ಗೆ ಏರಿಸಿದರೂ ಶೇ. 8ರ ನಷ್ಟ ಹಾಗೆಯೇ ಉಳಿಯುತ್ತದೆ. ಮೇಲಿನಿಂದ ಕಚೇರಿಗೆ ಒಂದು ಕೇಬಲ್ ಎಳೆಸುವುದೇ ಇದಕ್ಕೆ ಪರಿಹಾರ.

ಪಟ್ಟಿ ಬೇರೆ ರೀತಿಯಲ್ಲಿದ್ದರೆ ತೀರ್ಮಾನವೂ ಬೇರೆ. ತಂತಿಯಲ್ಲಿ ರೂಟರಿನವರೆಗೆ ನಷ್ಟವಿಲ್ಲದೆ, ಸೇವಾದಾರರ ಕೇಂದ್ರಕ್ಕೂ ಅದರಾಚೆಗೂ ಎಲ್ಲ ವೇಳೆಯಲ್ಲಿ ನಷ್ಟವಿದ್ದರೆ ಹೊರಗಿನ ತಂತಿಯಲ್ಲಿ ದೋಷವಿರುವ ಸಂಭವ ಹೆಚ್ಚು. ಹಗಲಿನಲ್ಲಿ ನಷ್ಟವಿಲ್ಲದೆ ರಾತ್ರಿ ಮಾತ್ರ ಶೇ. 5 ಅಥವಾ 6 ಬಂದರೆ ಸೇವಾದಾರರ ಜಾಲದಲ್ಲಿ ದಟ್ಟಣೆಯಿದೆಯೆಂದು ಊಹಿಸಬಹುದು. ಕೇಂದ್ರದವರೆಗೆ ನಷ್ಟವಿಲ್ಲದೆ ಅದರಾಚೆ ಮಾತ್ರ ಇದ್ದರೆ ಲೈನ್‌ಮನ್ ಬಂದು ತಂತಿ ಬದಲಾಯಿಸಿದರೂ ಪ್ರಯೋಜನವಾಗದು. ದೂರಿನಲ್ಲಿ ಅದನ್ನು ಸ್ಪಷ್ಟವಾಗಿ ತಿಳಿಸಬೇಕು.

6. ತಪ್ಪು ತೀರ್ಮಾನಗಳ ಬಗ್ಗೆ ಎಚ್ಚರಿಕೆ

(ಅ) ಸಂಖ್ಯೆ ಸೂಚಿಸದಿದ್ದರೆ ವಿಂಡೋಸಿನ ಪಿಂಗ್ ಕೇವಲ 4 ಪ್ಯಾಕೆಟ್‌ಗಳನ್ನು ಕಳುಹಿಸುತ್ತದೆ. ನಾಲ್ಕು ವೋಚರ್ ನೋಡಿ ವರ್ಷದ ಲೆಕ್ಕ ಪರಿಶೋಧಿಸಿದಂತಾಗುತ್ತದೆ ಅದು. ನಿಜವಾದ ನಷ್ಟ ಶೇ. 1 ಇರುವಾಗ 100 ಪ್ಯಾಕೆಟ್ ಕಳುಹಿಸಿದರೂ ಒಂದೂ ಕಳೆಯದೆ ಬರುವ ಸಂಭವ ಶೇ. 37ರಷ್ಟಿದೆ. 500 ಕಳುಹಿಸಿದಾಗ ಆ ಸಂಭವ ಶೇ. 1ಕ್ಕಿಂತ ಕಡಿಮೆಯಾಗುತ್ತದೆ. ಆದ್ದರಿಂದಲೇ 500ರ ಮಾದರಿಯನ್ನು ಸೂಚಿಸಲಾಗಿದೆ.

(ಆ) ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’, ಅಂದರೆ ಗಮ್ಯಸ್ಥಾನ ತಲುಪಲಾಗಲಿಲ್ಲ ಎಂಬ ಉತ್ತರ ಬಂದರೆ ಅದನ್ನೂ ವಿಂಡೋಸ್ ‘ಬಂದ ಪ್ಯಾಕೆಟ್’ ಎಂದೇ ಎಣಿಸುತ್ತದೆ. ಹೀಗಾಗಿ ಸಂಪರ್ಕವೇ ಇಲ್ಲದಿದ್ದಾಗಲೂ ನಷ್ಟ ಶೇ. 0 ಎಂದು ತೋರಬಹುದು. ಒಟ್ಟು ಮೊತ್ತವನ್ನಷ್ಟೇ ನೋಡದೆ ಸಾಲುಗಳ ಮೇಲೂ ಕಣ್ಣಾಡಿಸಿರಿ.

(ಇ) ಮಧ್ಯದ ಕೇಂದ್ರವೊಂದು ನಷ್ಟ ತೋರಿಸಿ, ಅದರಾಚೆಯ 8.8.8.8ಕ್ಕೆ ನಷ್ಟವಿಲ್ಲದಿದ್ದರೆ ಅದನ್ನು ಪರಿಗಣಿಸಬೇಕಾಗಿಲ್ಲ. ದೊಡ್ಡ ಕೇಂದ್ರಗಳು ಸರಕು ದಾಟಿಸುವ ಕೆಲಸಕ್ಕೆ ಆದ್ಯತೆ ನೀಡಿ, ತಮಗೇ ಬಂದ ಪಿಂಗ್‌ಗಳಿಗೆ ಬಿಡುವಿದ್ದಾಗ ಮಾತ್ರ ಉತ್ತರಿಸುತ್ತವೆ. ಚೆಕ್‌ಪೋಸ್ಟಿನ ಗುಮಾಸ್ತ ರುಜು ಹಾಕದಿದ್ದರೂ ಮಾಲು ಪೂರ್ತಿ ತಲುಪಿದ್ದರೆ ಕೊರತೆಯೆಲ್ಲಿದೆ? ಮುಂದಿನ ಹಂತಕ್ಕೆ ಮುಂದುವರಿಯದ ನಷ್ಟ, ನಷ್ಟವಲ್ಲ.

(ಈ) ಬ್ಯಾಂಕುಗಳ ಹಾಗೂ ಸರ್ಕಾರಿ ಪೋರ್ಟಲ್‌ಗಳ ಅನೇಕ ಯಂತ್ರಗಳು ಭದ್ರತೆಯ ಕಾರಣಕ್ಕಾಗಿ ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಅಲ್ಲಿ ಶೇ. 100 ನಷ್ಟ ಕಂಡರೆ ಪೋರ್ಟಲ್ ನಿಂತಿದೆಯೆಂದು ಅರ್ಥವಲ್ಲ.

(ಉ) 8.8.8.8 ಎಂಬ ಸಂಖ್ಯೆಗೆ ಪಿಂಗ್ ಸರಿಯಾಗಿ ಹೋಗಿ, ಯಾವ ಜಾಲತಾಣದ ಹೆಸರೂ ತೆರೆಯದಿದ್ದರೆ ಅದು ಪ್ಯಾಕೆಟ್ ನಷ್ಟವಲ್ಲ. ಹೆಸರನ್ನು ಸಂಖ್ಯೆಗೆ ಪರಿವರ್ತಿಸುವ ಡಿ.ಎನ್.ಎಸ್. ವ್ಯವಸ್ಥೆಯ ದೋಷ. ರೂಟರಿನಲ್ಲಿ ಡಿ.ಎನ್.ಎಸ್. ವಿಳಾಸ ಬದಲಾಯಿಸಿದರೆ ಬಹುತೇಕ ಸರಿಯಾಗುತ್ತದೆ.

7. ಕಾರಣಗಳು ಹಾಗೂ ಪರಿಹಾರ

ವೈ-ಫೈ: 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಹಾಗೂ 11 ಮಾತ್ರ. ಮಾರುಕಟ್ಟೆ ಪ್ರದೇಶದಲ್ಲಿ ಅಕ್ಕಪಕ್ಕದ ಹತ್ತಾರು ರೂಟರ್‌ಗಳು ಇವನ್ನೇ ಹಂಚಿಕೊಳ್ಳುತ್ತವೆ. ಮೈಕ್ರೋವೇವ್ ಒಲೆಯೂ ಇದೇ ತರಂಗದಲ್ಲಿ ಅಡ್ಡಿಪಡಿಸುತ್ತದೆ. ರೂಟರ್ ಸಮೀಪದಲ್ಲಿದ್ದರೆ 5 ಗಿಗಾಹರ್ಟ್ಸ್ ಬಳಸಿರಿ. ಅದಕ್ಕೆ ಅಡ್ಡಿ ಕಡಿಮೆ, ಆದರೆ ಗೋಡೆ ದಾಟುವ ಶಕ್ತಿಯೂ ಕಡಿಮೆ. ಕಬ್ಬಿಣದ ಬೀರು, ಷಟರ್ ಹಾಗೂ ಯಂತ್ರಗಳ ಹಿಂದೆ ರೂಟರ್ ಇಡಬಾರದು. ಬಿಲ್ಲಿಂಗ್ ಗಣಕಯಂತ್ರಕ್ಕೆ ತಂತಿಯ ಸಂಪರ್ಕವೇ ಶ್ರೇಷ್ಠ.

ಒಳಗಿನ ಕೇಬಲ್: ಒಂದೇ ಎಳೆಯಲ್ಲಿ 100 ಮೀಟರ್ ಮೀರಬಾರದು. ವಿದ್ಯುತ್ ತಂತಿಗಳ ಜೊತೆ ಒಂದೇ ಪೈಪಿನಲ್ಲಿ ಎಳೆಯಬಾರದು. ಒಳಗೆ ಎಂಟು ಎಳೆಗಳಿರುತ್ತವೆ. ಗಿಗಾಬಿಟ್ ಸಾಮರ್ಥ್ಯದ ಯಂತ್ರಗಳ ನಡುವೆ ಸಂಪರ್ಕ 1,000ದ ಬದಲು 100 ಎಂ.ಬಿ.ಪಿ.ಎಸ್. ಎಂದು ತೋರಿದರೆ ಯಾವುದೋ ಎಳೆ ತುಂಡಾಗಿರುವ ಅಥವಾ ತುದಿಯ ಕ್ಲಿಪ್ ಸಡಿಲವಾಗಿರುವ ಸಾಧ್ಯತೆಯಿದೆ. ಮೊದಲು ಕೇಬಲ್ ಬದಲಾಯಿಸಿ ನೋಡಿರಿ. ಇದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ಎರಡು ರೂಟರ್‌ಗಳು: ಹಳೆಯ ರೂಟರನ್ನು ಕೆಳಗಿನ ಕಚೇರಿಗೆ ಜೋಡಿಸುವವರು ಅದರ ಡಿ.ಎಚ್.ಸಿ.ಪಿ. ಸೌಲಭ್ಯವನ್ನು ನಿಲ್ಲಿಸಲು ಮರೆಯುತ್ತಾರೆ. ಆಗ ಇಬ್ಬರು ಗುಮಾಸ್ತರು ಒಂದೇ ಕ್ರಮಸಂಖ್ಯೆಯ ಬಿಲ್ಲುಗಳನ್ನು ಹರಿದು ಕೊಟ್ಟಂತೆ, ಎರಡು ರೂಟರ್‌ಗಳು ಒಂದೇ ವಿಳಾಸವನ್ನು ಇಬ್ಬರಿಗೆ ಕೊಡಬಹುದು. ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಜೋಡಿಸಿದಾಗಲೂ ಇಡೀ ಜಾಲ ಸ್ತಬ್ಧವಾಗಬಹುದು.

ವಿದ್ಯುತ್ ಹಾಗೂ ಶಾಖ: ಮೂಲ ಅಡಾಪ್ಟರ್ ಕೆಟ್ಟಾಗ ಸಿಕ್ಕಿದ್ದನ್ನು ಜೋಡಿಸುವುದು ಸಾಮಾನ್ಯ. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಮೂಲದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. 12 ವೋಲ್ಟ್, 1.5 ಆಂಪಿಯರ್ ಬೇಕಾದ ರೂಟರಿಗೆ 0.5 ಆಂಪಿಯರಿನ ಅಡಾಪ್ಟರ್ ಕೊಟ್ಟರೆ ಕೆಲಸದ ಹೊರೆ ಬಿದ್ದಾಗಲೆಲ್ಲ ಅದು ತಡವರಿಸುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟ ರೂಟರ್ ಬೇಸಿಗೆಯ ಮಧ್ಯಾಹ್ನಗಳಲ್ಲಿ ತೊಂದರೆ ಕೊಡುತ್ತದೆ. ರೂಟರಿಗೂ ಫೈಬರ್ ಪೆಟ್ಟಿಗೆಗೂ ಸಣ್ಣ ಯು.ಪಿ.ಎಸ್. ಇರುವುದು ಒಳಿತು.

ಹೊರಗಿನ ತಂತಿ: ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಕೆಂಪಾಗದೆಯೂ ಬೆಳಕು ಕ್ಷೀಣವಾಗಿರಬಹುದು. ಪೆಟ್ಟಿಗೆಯ ಒಳಪುಟದಲ್ಲಿ ‘ಆರ್.ಎಕ್ಸ್. ಪವರ್’ ಎಂಬ ಅಂಕಿಯಿರುತ್ತದೆ. ಅದು ಸ್ಥೂಲವಾಗಿ ಮೈನಸ್ 8ರಿಂದ ಮೈನಸ್ 27 ಡಿ.ಬಿ.ಎಂ. ನಡುವೆ ಇರಬೇಕು. ಮೈನಸ್ 27ರ ಅಂಚಿನಲ್ಲಿದ್ದರೆ ಅಥವಾ ಅದಕ್ಕೂ ಕೆಳಗಿದ್ದರೆ ಎಲ್ಲೋ ಕೊಳಕಾದ ಕನೆಕ್ಟರ್, ತೀವ್ರವಾಗಿ ಬಗ್ಗಿದ ಫೈಬರ್ ಅಥವಾ ದುರ್ಬಲ ಜೋಡಣೆಯಿದೆ. ಹಸಿರು ತುದಿಯ ಕನೆಕ್ಟರನ್ನು ನೀಲಿ ತುದಿಯದರೊಡನೆ ಜೋಡಿಸಬಾರದು. ಅವುಗಳ ಕೊನೆಯ ಕೋನಗಳು ಬೇರೆ. ಹಳೆಯ ತಾಮ್ರದ ತಂತಿಯಾದರೆ ಮಳೆಗಾಲದಲ್ಲಿ ತೇವ ಸೇರಿದ ಜೋಡಣೆಗಳೇ ಮುಖ್ಯ ಶತ್ರು.

ಹೊರೆ: ಕಚೇರಿಯ ನಾಲ್ಕು ಕ್ಯಾಮೆರಾಗಳು ತಲಾ 2 ಎಂ.ಬಿ.ಪಿ.ಎಸ್.ನಂತೆ ದೃಶ್ಯಗಳನ್ನು ಹೊರಗೆ ಕಳುಹಿಸಿದರೆ 8 ಎಂ.ಬಿ.ಪಿ.ಎಸ್. ಬೇಕು. ಯೋಜನೆಯ ಅಪ್‌ಲೋಡ್ ಮಿತಿ 10 ಇದ್ದರೆ ಬಿಲ್ಲಿಂಗ್‌ಗೆ ಉಳಿಯುವುದು ಎರಡೇ. ಸರದಿ ತುಂಬಿದಾಗ ರೂಟರ್ ಹೊಸ ಪ್ಯಾಕೆಟ್‌ಗಳನ್ನು ಕೈಬಿಡುತ್ತದೆ. ಕ್ಯಾಮೆರಾ ಹಾಗೂ ಬ್ಯಾಕಪ್ ನಿಲ್ಲಿಸಿ ಒಮ್ಮೆ, ನಡೆಸಿ ಒಮ್ಮೆ ಪಿಂಗ್ ಮಾಡಿದರೆ ವ್ಯತ್ಯಾಸ ತಿಳಿಯುತ್ತದೆ. ಬ್ಯಾಕಪ್ಪನ್ನು ರಾತ್ರಿಗೆ ವರ್ಗಾಯಿಸುವುದು, ಕ್ಯಾಮೆರಾದ ಗುಣಮಟ್ಟ ತಗ್ಗಿಸುವುದು, ರೂಟರಿನಲ್ಲಿ ಬಿಲ್ಲಿಂಗ್ ಯಂತ್ರಕ್ಕೆ ಆದ್ಯತೆ ನೀಡುವುದು ಪರಿಹಾರಗಳು. ಹೆಚ್ಚಿನ ವೇಗದ ಯೋಜನೆಗೆ ಹಣ ಕೊಡುವುದು ಸಾರ್ಥಕವಾಗುವ ಸಂದರ್ಭ ಬಹುಮಟ್ಟಿಗೆ ಇದೊಂದೇ.

ಪ್ಯಾಕೆಟ್ಟಿನ ಗಾತ್ರ: ಕೆಲವು ತಾಣಗಳು ತೆರೆದು, ಕೆಲವು ಮಾತ್ರ ಅರ್ಧದಲ್ಲಿ ನಿಂತರೆ ರೂಟರಿನ ಎಂ.ಟಿ.ಯು. ಅಂಕಿಯನ್ನು ನೋಡಿರಿ. ಬಳಕೆದಾರರ ಹೆಸರು ಹಾಗೂ ಗುಪ್ತಪದ ಬಳಸುವ ಪಿ.ಪಿ.ಪಿ.ಓ.ಇ. ಸಂಪರ್ಕಗಳಲ್ಲಿ ಅದು ಸಾಮಾನ್ಯವಾಗಿ 1,500ರ ಬದಲು 1,492 ಇರಬೇಕು.

ಒಂದು ಮುಖ್ಯ ಎಚ್ಚರಿಕೆ: ರೂಟರನ್ನು ಆರಿಸಿ ಹೊತ್ತಿಸುವುದು ಬೇರೆ, ಸೂಜಿಯಿಂದ ‘ರೀಸೆಟ್’ ಒತ್ತುವುದು ಬೇರೆ. ಎರಡನೆಯದರಿಂದ ಸೇವಾದಾರರು ನಮೂದಿಸಿದ ಹೆಸರು, ಗುಪ್ತಪದಗಳೆಲ್ಲ ಅಳಿಸಿಹೋಗುತ್ತವೆ. 20ನೇ ತಾರೀಖಿನ ಸಂಜೆ ಇಂತಹ ಸಾಹಸ ಬೇಡ.

8. ದೂರು ನೀಡುವ ಕ್ರಮ

‘ನೆಟ್ ಸರಿಯಿಲ್ಲ’ ಎಂಬ ದೂರಿಗೆ ‘ಇಲ್ಲಿಂದ ಸರಿಯಿದೆ’ ಎಂಬ ಉತ್ತರ ಬರುತ್ತದೆ. ಅಂಕಿಗಳಿರುವ ದೂರಿಗೆ ಅಂತಹ ಉತ್ತರ ನೀಡುವುದು ಕಷ್ಟ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2006ರಲ್ಲಿಯೇ ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟದ ನಿಯಮಗಳಲ್ಲಿ ಸೇವಾದಾರರ ಜಾಲದ ಪ್ಯಾಕೆಟ್ ನಷ್ಟಕ್ಕೆ ಶೇ. 1ರ ಮಾನದಂಡವನ್ನು ವಿಧಿಸಿತ್ತು. 2024ರ ಅಕ್ಟೋಬರ್ 1ರಿಂದ ಅದರ ಸ್ಥಾನದಲ್ಲಿ ಹೊಸ ಸಮಗ್ರ ನಿಯಮಗಳು ಜಾರಿಗೆ ಬಂದಿವೆ. 2012ರ ದೂರು ಪರಿಹಾರ ನಿಯಮಗಳಂತೆ ಪ್ರತಿ ದೂರಿಗೂ ಸೇವಾದಾರರು ಡಾಕೆಟ್ ಸಂಖ್ಯೆ ನೀಡಬೇಕು. ಪರಿಹಾರ ತೃಪ್ತಿಕರವಾಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅವಕಾಶವಿದೆ. ದೂರಿನ ಮಾದರಿ ಹೀಗಿರಬಹುದು:

“ನಮ್ಮ ಸಂಪರ್ಕ ಸಂಖ್ಯೆ ಇಂತಿಷ್ಟು. ದಿನಾಂಕ ಇಂತಹ ದಿನ ಬೆಳಿಗ್ಗೆ 10.30ಕ್ಕೆ ಹಾಗೂ ರಾತ್ರಿ 8.30ಕ್ಕೆ ತಂತಿಯ ಮೂಲಕ ಪರೀಕ್ಷಿಸಲಾಗಿದೆ. ರೂಟರಿನವರೆಗೆ 500ಕ್ಕೆ 500 ಪ್ಯಾಕೆಟ್‌ಗಳು ಬಂದಿವೆ. ತಮ್ಮ ಮೊದಲ ಕೇಂದ್ರಕ್ಕೂ 8.8.8.8ಕ್ಕೂ ಎರಡೂ ವೇಳೆಯಲ್ಲಿ ಶೇ. 6ರಷ್ಟು ನಷ್ಟವಿದೆ. ಫೈಬರ್ ಪೆಟ್ಟಿಗೆಯ ಆರ್.ಎಕ್ಸ್. ಪವರ್ ಮೈನಸ್ 28 ಇದೆ. ಪರದೆಯ ಚಿತ್ರಗಳನ್ನು ಲಗತ್ತಿಸಲಾಗಿದೆ. ಹೊರಗಿನ ತಂತಿಯನ್ನು ಪರಿಶೀಲಿಸಿ ಡಾಕೆಟ್ ಸಂಖ್ಯೆಯೊಡನೆ ಉತ್ತರಿಸಬೇಕಾಗಿ ಕೋರಿಕೆ.”

9. ಲೆಕ್ಕಪತ್ರಗಳ ದೃಷ್ಟಿಯಿಂದ

(ಅ) ತೆರಿಗೆ ಪಾವತಿಯಲ್ಲಿ ಹಣ ಕಡಿತವಾಗಿ ಚಲನ್ ಬಾರದಿದ್ದರೆ ಎರಡನೆಯ ಬಾರಿ ಪಾವತಿಸಬೇಡಿರಿ. ಮೊದಲು ಬ್ಯಾಂಕ್ ಖಾತೆಯನ್ನೂ ಪೋರ್ಟಲ್‌ನಲ್ಲಿ ಪಾವತಿಯ ಸ್ಥಿತಿಯನ್ನೂ ನೋಡಿರಿ. 24 ಗಂಟೆಗಳ ನಂತರವೂ ಸಿ.ಐ.ಎನ್. ಸಂಖ್ಯೆ ಸೃಷ್ಟಿಯಾಗದಿದ್ದರೆ ಪಿ.ಎಂ.ಟಿ.-07 ನಮೂನೆಯಲ್ಲಿ ಮನವಿ ಸಲ್ಲಿಸಬಹುದು.

(ಆ) ಇ-ಇನ್‌ವಾಯ್ಸ್ ಕಳುಹಿಸುವಾಗ ಸಂಪರ್ಕ ನಿಂತರೆ ಐ.ಆರ್.ಎನ್. ಈಗಾಗಲೇ ಸೃಷ್ಟಿಯಾಗಿರಬಹುದು. ಅದೇ ಬಿಲ್ ಸಂಖ್ಯೆಯಲ್ಲಿ ಪುನಃ ಪ್ರಯತ್ನಿಸಿದರೆ ‘ನಕಲು’ ಎಂಬ ಸಂದೇಶ ಬರುತ್ತದೆ. ಅದು ಗಾಬರಿಯ ವಿಷಯವಲ್ಲ. ಹೊಸ ಸಂಖ್ಯೆಯಲ್ಲಿ ಮತ್ತೊಂದು ಬಿಲ್ ಮಾಡುವುದೇ ನಿಜವಾದ ಅಪಾಯ. ಇ-ವೇ ಬಿಲ್ಲಿನಲ್ಲಿಯೂ ಆ ದಿನದ ಪಟ್ಟಿಯನ್ನು ಮೊದಲು ನೋಡಿರಿ. ಅನಗತ್ಯವಾದುದನ್ನು 24 ಗಂಟೆಗಳೊಳಗೆ ರದ್ದುಪಡಿಸಬಹುದು.

(ಇ) ಲಾರಿ ಬರುವ ಮುನ್ನವೇ ಸಂಪರ್ಕ ಚೆನ್ನಾಗಿರುವಾಗ ಇ-ವೇ ಬಿಲ್ಲಿನ ಎ ಭಾಗವನ್ನು ತುಂಬಿಡಿರಿ. ಅದು 15 ದಿನಗಳವರೆಗೆ ಉಳಿಯುತ್ತದೆ. ವಾಹನದ ಸಂಖ್ಯೆಯುಳ್ಳ ಬಿ ಭಾಗವನ್ನು ನಂತರ ಮೊಬೈಲ್ ಸಂಪರ್ಕದಿಂದಲೂ ತುಂಬಬಹುದು.

(ಈ) ಒಂದೇ ಲೆಕ್ಕದ ಕಡತವನ್ನು ಹಲವು ಗಣಕಯಂತ್ರಗಳಿಂದ ವೈ-ಫೈ ಮೂಲಕ ತೆರೆಯುವವರು ಬರೆಯುವ ಮಧ್ಯದಲ್ಲಿ ಸಂಪರ್ಕ ನಿಂತರೆ ಕಡತ ಹಾಳಾಗುವ ಅಪಾಯವಿದೆಯೆಂದು ತಿಳಿದಿರಬೇಕು. ಪ್ರತಿದಿನದ ಬ್ಯಾಕಪ್ ತಪ್ಪಿಸಬಾರದು.

(ಉ) ಬ್ರಾಡ್‌ಬ್ಯಾಂಡ್ ಶುಲ್ಕದ ಮೇಲೆ ಶೇ. 18 ಜಿ.ಎಸ್.ಟಿ. ಇದೆ. ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಹಾಗೂ ಜಿ.ಎಸ್.ಟಿ. ಸಂಖ್ಯೆ ನಮೂದಾಗದಿದ್ದರೆ ಹೂಡುವಳಿ ತೆರಿಗೆಯ ಜಮೆ ಕೈತಪ್ಪುತ್ತದೆ. ಮನೆ ಹಾಗೂ ಕಚೇರಿ ಎರಡಕ್ಕೂ ಬಳಸುವಲ್ಲಿ ವ್ಯವಹಾರದ ಪಾಲಿಗೆ ಮಾತ್ರ ಜಮೆ ಪಡೆಯಬೇಕು.

(ಊ) ರೂಟರ್ ಹಾಗೂ ಸ್ವಿಚ್‌ಗಳು ಗಣಕಯಂತ್ರದೊಡನೆ ಕೂಡಿ ಕೆಲಸ ಮಾಡುವಾಗ ಅವುಗಳನ್ನು ಗಣಕಯಂತ್ರದ ವರ್ಗದಲ್ಲಿಯೇ ಸೇರಿಸಬಹುದೆಂದು ಮುಂಬೈಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠವು 2010ರಲ್ಲಿ ಡಾಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ತೀರ್ಪು ನೀಡಿದೆ. ಆಗ ಶೇ. 60 ಇದ್ದ ಸವಕಳಿಯ ದರವನ್ನು 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಸಲಾಯಿತು.

10. ಸಾರಾಂಶ

ಮೊದಲು ಅಳೆಯಿರಿ, ಆನಂತರ ಖರ್ಚು ಮಾಡಿರಿ. ಸಮೀಪದ ಹಂತದಿಂದ ದೂರದ ಹಂತಕ್ಕೆ ಹೋಗಿರಿ. ಒಂದು ಬಾರಿಗೆ ಒಂದನ್ನೇ ಬದಲಾಯಿಸಿ ಪುನಃ ಅಳೆಯಿರಿ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಸಂಪರ್ಕ ಚೆನ್ನಾಗಿರುವ ದಿನದ ಅಂಕಿಗಳೂ ಅದರಲ್ಲಿರಲಿ, ಏಕೆಂದರೆ ಪ್ರಾರಂಭಿಕ ಶಿಲ್ಕು ತಿಳಿಯದೆ ಕೊರತೆಯನ್ನು ಲೆಕ್ಕ ಹಾಕಲಾಗದು. ಅಂತಿಮ ದಿನಾಂಕಗಳಿಗೆ ಎರಡು ದಿನ ಮುಂಚಿತವಾಗಿಯೇ ವಿವರಪಟ್ಟಿ ಸಲ್ಲಿಸುವ ಅಭ್ಯಾಸ ಹಾಗೂ ಬೇರೊಂದು ಸಂಸ್ಥೆಯ ಮೊಬೈಲ್ ಸಂಪರ್ಕವನ್ನು ಪರ್ಯಾಯವಾಗಿ ಸಿದ್ಧವಿಟ್ಟುಕೊಳ್ಳುವುದು, ಇವೆರಡೂ ಯಾವ ಹೊಸ ರೂಟರಿಗಿಂತಲೂ ಹೆಚ್ಚಿನ ರಕ್ಷಣೆ ನೀಡುತ್ತವೆ. ಈ ತಿಂಗಳು ಬಿಡುವಿನ ಒಂದು ದಿನ ಮೇಲಿನ ನಾಲ್ಕು ಸಾಲುಗಳ ತಾಳೆಪಟ್ಟಿಯನ್ನು ತಮ್ಮ ಕಚೇರಿಗೂ ಸಿದ್ಧಪಡಿಸಿಕೊಳ್ಳಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ.